ಇಟ್ಟ ಜಾಗ, ಬಿದ್ದ ಜಾಗ

ಬಹಳ ವಸ್ತುಗಳನ್ನು ಒಂದೆಡೆ ಜೋಡಿಸಬೇಕಾದಾಗ ಮನುಷ್ಯನ ಮುಂದೆ ಎರಡು ದಾರಿಗಳಿರುತ್ತವೆ. ಒಂದೊಂದನ್ನೂ ಕೈಯಲ್ಲಿ ಹಿಡಿದು, ಇದು ಇಲ್ಲಿರಲಿ, ಅದು ಅಲ್ಲಿರಲಿ ಎಂದು ತನ್ನ ವಿವೇಕಕ್ಕೆ ತೋರಿದಂತೆ ಇಡುವುದು ಮೊದಲನೆಯದು. ನಿಯಮವೊಂದನ್ನು ಮುಂಚಿತವಾಗಿಯೇ ಗೊತ್ತುಮಾಡಿ, ವಸ್ತುಗಳು ಆ ನಿಯಮದಂತೆ ತಾವಾಗಿಯೇ ತಮ್ಮ ತಮ್ಮ ಜಾಗಕ್ಕೆ ಹೋಗಿ ಬೀಳುವಂತೆ ಮಾಡುವುದು ಎರಡನೆಯದು. ಅಡುಗೆಮನೆಯ ಡಬ್ಬಗಳು ಮೊದಲನೆಯ ರೀತಿಯಲ್ಲಿ ಕೂರುತ್ತವೆ. ಅಂಚೆಯ ಕಾಗದಗಳು ಎರಡನೆಯ ರೀತಿಯಲ್ಲಿ ಬೇರ್ಪಡುತ್ತವೆ. ಎರಡೂ ಕಡೆ ಕೆಲಸ ನಡೆಯುತ್ತದೆ. ಆದರೆ ವಿದ್ಯೆಯ ಕ್ಷೇತ್ರದಲ್ಲಿ, ಅಂದರೆ ನಾವು ತಿಳಿದುದನ್ನು ಜೋಡಿಸಿಡುವಾಗ, ಯಾವ ರೀತಿ ಮೇಲು ಎಂಬ ಪ್ರಶ್ನೆ ಅಷ್ಟು ಸುಲಭವಾಗಿ ತೀರುವುದಿಲ್ಲ.

ಈ ಹಳೆಯ ಪ್ರಶ್ನೆ ಈಗ ಗಣಕಯಂತ್ರದ ತೆರೆಯ ಮೇಲೆ ಹೊಸ ವೇಷ ತೊಟ್ಟು ಬಂದಿದೆ. ಮೈಂಡ್ ಮ್ಯಾಪ್ ಎಂಬ ಚಿತ್ರವನ್ನು ಅನೇಕರು ಕಂಡಿರಬಹುದು. ಕನ್ನಡದಲ್ಲಿ ಅದನ್ನು ಮನೋನಕ್ಷೆ ಎನ್ನೋಣ. ನಡುವೆ ಒಂದು ವಿಷಯ, ಅದರಿಂದ ಹೊರಟ ಕೊಂಬೆಗಳು, ಕೊಂಬೆಗಳಿಂದ ರೆಂಬೆಗಳು, ಒಂದೊಂದರ ತುದಿಯಲ್ಲೂ ಒಂದು ಮಾತು. ಈ ಮಾತು ಕೂರುವ ಜಾಗವನ್ನು ತಂತ್ರಜ್ಞರು ನೋಡ್ ಎನ್ನುತ್ತಾರೆ. ಕಬ್ಬು ಬೆಳೆಯುವ ನಾಡಿನವರಾದ ನಮಗೆ ಅದಕ್ಕೆ ಸೊಗಸಾದ ಮಾತೊಂದು ಸಿದ್ಧವಾಗಿಯೇ ಇದೆ, ಗೆಣ್ಣು. ಕಬ್ಬು ಚಿಗುರುವುದು ಗೆಣ್ಣಿನಲ್ಲಿ. ವಿಚಾರ ಕವಲೊಡೆಯುವುದೂ ಗೆಣ್ಣಿನಲ್ಲಿಯೇ. ಇಂಗ್ಲೆಂಡಿನ ಟೋನಿ ಬುಜಾನ್ 1974ರಲ್ಲಿ ಬಿ.ಬಿ.ಸಿ.ಯ ದೂರದರ್ಶನ ಮಾಲಿಕೆಯೊಂದರ ಮೂಲಕ ಈ ಚಿತ್ರಕ್ಕೆ ಪ್ರಚಾರ ಕೊಟ್ಟಾಗ ಅದು ಕಾಗದದ ಮೇಲೆ ಬಣ್ಣದ ಲೇಖನಿಗಳಿಂದ ಬರೆಯುವ ಚಿತ್ರವಾಗಿತ್ತು. ಗೆಣ್ಣು ಎಲ್ಲಿರಬೇಕೆಂಬುದನ್ನು ಬರೆಯುವವನ ಕೈ ನಿರ್ಧರಿಸುತ್ತಿತ್ತು. ಚಿತ್ರ ಗಣಕದೊಳಗೆ ಹೋದಮೇಲೆ ಆ ಅಧಿಕಾರ ಯಾರದು ಎಂಬ ವಿವಾದ ಹುಟ್ಟಿತು. ಕೆಲವು ತಂತ್ರಾಂಶಗಳು ಗೆಣ್ಣನ್ನು ತಾವೇ ಕೂರಿಸುತ್ತವೆ. ಕೆಲವು ನಮ್ಮ ಕೈಗೆ ಬಿಡುತ್ತವೆ.

ಈ ವಿವಾದವನ್ನು ತಂತ್ರಜ್ಞರ ಮನೆಯ ಜಗಳವೆಂದು ತಳ್ಳಿಹಾಕಬಾರದೆಂದು ನನಗೆ ತೋರುತ್ತದೆ. ಅದರ ಪೂರ್ವಕಥೆ ನಮ್ಮ ನಿಘಂಟುಗಳಲ್ಲಿದೆ. ನಮ್ಮ ಶಾಸನ ಸಂಪುಟಗಳಲ್ಲಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ನಾಲ್ಕು ತಾಲ್ಲೂಕುಗಳ ಕಲ್ಲುಗಳಿಗೆ ಪುಸ್ತಕದಲ್ಲಿ ದೊರೆತ ಜಾಗದಲ್ಲಿದೆ.

ಮೊದಲು ನಿಘಂಟು. ಅಮರಸಿಂಹನ ಕೋಶ ಶಬ್ದಗಳನ್ನು ಕೈಯಿಂದ ಜೋಡಿಸಿದ ಗ್ರಂಥ. ಅಲ್ಲಿ ವಾರಿವರ್ಗವೆಂದರೆ ಸಮುದ್ರ, ನದಿ, ದೋಣಿ, ಮೀನು, ಕಪ್ಪೆ, ತಾವರೆ ಎಲ್ಲವೂ ನೆರೆಹೊರೆಯವು. ನೀರಿಗೆ ಸಂಬಂಧಿಸಿದುದೆಲ್ಲ ಒಂದೆಡೆ ಇರಬೇಕೆಂದು ಕೋಶಕಾರ ತೀರ್ಮಾನಿಸಿದ; ಅದನ್ನು ಬಾಯಿಪಾಠ ಮಾಡಿದ ಹುಡುಗನ ಮನಸ್ಸಿನಲ್ಲಿ ಒಂದು ಇಡೀ ಕೆರೆಯೇ ಉಳಿಯಿತು. ನಮ್ಮ ಹಳೆಯ ಕನ್ನಡ ಕೋಶಗಳೂ ಪದ್ಯದಲ್ಲಿದ್ದವು. ಬಾಯಿಪಾಠಕ್ಕೆ ಒದಗುವ ಜೋಡಣೆಯೇ ಅವುಗಳ ಜೋಡಣೆ. ಆದರೆ ಅಮರನ ಕೈಯೇ ಬ್ರಹ್ಮವರ್ಗವನ್ನು ಮೊದಲಿಟ್ಟು, ಕ್ಷತ್ರಿಯ, ವೈಶ್ಯ ವರ್ಗಗಳನ್ನು ದಾಟಿ ಕೊನೆಗೆ ಶೂದ್ರವರ್ಗವನ್ನು ಇಟ್ಟಿತು. ಕೈಯಿಂದ ಇಟ್ಟ ಜಾಗದಲ್ಲಿ ಇಟ್ಟವನ ಲೋಕದೃಷ್ಟಿಯೂ ಕೂರುತ್ತದೆ.

1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು ಎರಡನೆಯ ರೀತಿಯದು. ಅಲ್ಲಿ ಜಾಗವನ್ನು ಕೊಡುವುದು ಅಕ್ಷರಮಾಲೆ. ಆ ಕ್ರಮದಲ್ಲಿ ಅಗಸ ಮೊದಲು ಬರುತ್ತಾನೆ, ಅರಸ ಆಮೇಲೆ. ಅಕ್ಷರಕ್ಕೆ ಜಾತಿಯಿಲ್ಲ, ಮರ್ಯಾದೆಯ ಹಂಗಿಲ್ಲ. ಆದರೆ ಕೆರೆಯೂ ಮೀನೂ ತಾವರೆಯೂ ಒಂದೊಂದು ದಿಕ್ಕಿಗೆ ಚದರಿಹೋದವು. ಹುಡುಕುವವನಿಗೆ ಇದು ವರ, ನೆನೆಯುವವನಿಗೆ ನಷ್ಟ. ಕೈಯ ಜೋಡಣೆ ನೆನಪಿಗೆ ಒದಗುತ್ತದೆ ಮತ್ತು ಪಕ್ಷಪಾತ ಮಾಡುತ್ತದೆ. ನಿಯಮದ ಜೋಡಣೆ ಪಕ್ಷಪಾತ ಮಾಡುವುದಿಲ್ಲ ಮತ್ತು ನೆನಪಿಗೆ ಒದಗುವುದಿಲ್ಲ. ಈ ಕೊಡುಕೊಳೆಯನ್ನು ಮುಂದೆಯೂ ನೋಡುತ್ತೇವೆ.

ಇನ್ನು ಕಲ್ಲುಗಳ ಮಾತು. ಬೆಂಗಳೂರಿನಲ್ಲಿ 1837ರಲ್ಲಿ ಹುಟ್ಟಿದ ಬಿ. ಎಲ್. ರೈಸ್ ಅವರು ಹಳೆಯ ಮೈಸೂರು ಸೀಮೆಯ ಮತ್ತು ಕೊಡಗಿನ ಸುಮಾರು 9,000 ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೆರಡು ಸಂಪುಟಗಳಲ್ಲಿ ಪ್ರಕಟಿಸಿದರು. ಮೊದಲ ಸಂಪುಟ ಬಂದದ್ದು 1886ರಲ್ಲಿ. ಇಷ್ಟು ಕಲ್ಲುಗಳನ್ನು ಯಾವ ಕ್ರಮದಲ್ಲಿ ಇಡಬೇಕು? ಕಾಲದ ಕ್ರಮದಲ್ಲೇ? ಕಾಲ ತಿಳಿಯದ ಕಲ್ಲುಗಳೂ ಇವೆ. ರಾಜವಂಶದ ಕ್ರಮದಲ್ಲೇ? ಅರಸನ ಹೆಸರೇ ಇಲ್ಲದ ವೀರಗಲ್ಲುಗಳೂ ಇವೆ. ರೈಸರು ಆರಿಸಿಕೊಂಡದ್ದು ನೆಲದ ಕ್ರಮವನ್ನು. ಕಲ್ಲು ಯಾವ ತಾಲ್ಲೂಕಿನಲ್ಲಿದೆಯೋ ಅದೇ ಅದರ ಮನೆ. ಆ ತಾಲ್ಲೂಕಿನೊಳಗೆ ಅದಕ್ಕೊಂದು ಸಂಖ್ಯೆ. 1902ರಲ್ಲಿ ಬಂದ ಏಳನೆಯ ಸಂಪುಟದಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳು ಸೇರಿದವು. ಜಗಳೂರು ಚಿತ್ರದುರ್ಗ ಜಿಲ್ಲೆಯದಾದ್ದರಿಂದ ಹನ್ನೊಂದನೆಯ ಸಂಪುಟಕ್ಕೆ ಹೋಯಿತು. ಇಂದಿಗೂ ವಿದ್ವಾಂಸರು ಹೊನ್ನಾಳಿ ಇಷ್ಟನೆಯದು, ಚನ್ನಗಿರಿ ಇಷ್ಟನೆಯದು ಎಂದೇ ಶಾಸನಗಳನ್ನು ಕರೆಯುತ್ತಾರೆ.

ಇದು ನಿಯಮದ ಜೋಡಣೆ. ಇದರ ಗುಣ ದೊಡ್ಡದು. ಪುಸ್ತಕವನ್ನು ನಂಬದವನು ಎದ್ದು ಆ ಊರಿಗೆ ಹೋಗಿ, ದೇವಸ್ಥಾನದ ಮುಂದಿನ ಕಲ್ಲನ್ನು ತಾನೇ ಓದಿ ನೋಡಬಹುದು. ಶಾಸನಕ್ಕೆ ವಿಳಾಸ ದೊರೆತಂತಾಯಿತು. ಆದರೆ ರೈಸರು ಇಷ್ಟಕ್ಕೇ ನಿಲ್ಲಲಿಲ್ಲ. ಸಂಪುಟದ ಮೊದಲಿಗೆ ಅವೇ ಶಾಸನಗಳನ್ನು ಕಾಲಾನುಕ್ರಮದಲ್ಲಿ ಹೊಂದಿಸಿದ ಪಟ್ಟಿಯೊಂದನ್ನು ಕೊಟ್ಟರು. ಪೀಠಿಕೆಯಲ್ಲಿ ಅವನ್ನೇ ಮತ್ತೊಮ್ಮೆ ಎತ್ತಿಕೊಂಡು ಗಂಗರು, ಚಾಲುಕ್ಯರು, ಹೊಯ್ಸಳರು ಎಂದು ವಂಶಗಳ ಕೆಳಗೆ ತಮ್ಮ ವಿವೇಚನೆಯಿಂದ ಜೋಡಿಸಿ ಚರಿತ್ರೆಯನ್ನು ಹೇಳಿದರು. ಒಂದೇ ಕಲ್ಲು ಮೂರು ಜಾಗಗಳಲ್ಲಿ ಕುಳಿತಿತು: ನೆಲದ ಜಾಗ, ಕಾಲದ ಜಾಗ, ಕಥೆಯ ಜಾಗ. ಮೊದಲ ಎರಡನ್ನು ಕೊಟ್ಟದ್ದು ನಿಯಮ. ಮೂರನೆಯದನ್ನು ಕೊಟ್ಟದ್ದು ಕೈ.

ಕೈ ಏಕೆ ಬೇಕಾಯಿತು? ಬಸವಾಪಟ್ಟಣದ ನಾಯಕರನ್ನು ನೋಡಿ. ಅವರ ಮೊದಲ ನೆಲೆ ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣ. ಅನಂತರ ಅದೇ ತಾಲ್ಲೂಕಿನ ಸಂತೆಬೆನ್ನೂರು, ಇಂದಿಗೂ ನೋಡುವವರ ಕಣ್ಣು ತಣಿಸುವ ಪುಷ್ಕರಿಣಿಯ ಊರು. ಕೊನೆಗೆ ಅವರು ನಿಂತದ್ದು ತರೀಕೆರೆಯಲ್ಲಿ. ನೆಲದ ನಿಯಮದಂತೆ ಮೊದಲ ಎರಡು ಊರುಗಳು ಏಳನೆಯ ಸಂಪುಟದವು. ತರೀಕೆರೆ ಅಂದಿನ ಕಡೂರು ಜಿಲ್ಲೆಯದು, ಆರನೆಯ ಸಂಪುಟದ್ದು. ಒಂದೇ ಮನೆತನ ಎರಡು ಪುಸ್ತಕಗಳಲ್ಲಿ ಒಡೆದು ನಿಂತಿತು. ಊರಿಗೆ ಕಾಲಿಲ್ಲ, ಮನೆತನಕ್ಕೆ ಕಾಲಿದೆ. ನೆಲದ ನಿಯಮ ಊರನ್ನು ಬಲ್ಲುದು, ನಡೆದವರನ್ನು ಅರಿಯದು.

ಜಗಳೂರಿನ ಕಡೆಗೆ ಬಂದರೆ ಈ ತೊಡಕು ಇನ್ನೂ ಸ್ಪಷ್ಟವಾಗುತ್ತದೆ. ಅದರ ಪಶ್ಚಿಮಕ್ಕೆ ಉಚ್ಚಂಗಿದುರ್ಗ. ನೊಳಂಬವಾಡಿ ಮೂವತ್ತೆರಡು ಸಾಸಿರವನ್ನು ಆಳಿದ ಪಾಂಡ್ಯರ ಕೋಟೆ. ಸುತ್ತಣ ಸೀಮೆಯ ಚರಿತ್ರೆಯನ್ನು ಈ ಕೋಟೆಯನ್ನು ಬಿಟ್ಟು ಬರೆಯುವಂತಿಲ್ಲ. ಆದರೆ ಕೋಟೆಯಿರುವ ಹರಪನಹಳ್ಳಿ ತಾಲ್ಲೂಕು ಅಂದು ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆದ್ದರಿಂದ ಅದರ ಶಾಸನಗಳು ರೈಸರ ಸಂಪುಟಗಳಿಗೆ ಬರಲಿಲ್ಲ. ಮದರಾಸು ಆಧಿಪತ್ಯದ ಕನ್ನಡ ಶಾಸನಗಳನ್ನು ಒಳಗೊಂಡ ‘ದಕ್ಷಿಣ ಭಾರತದ ಶಾಸನಗಳು’ ಮಾಲೆಯ ಒಂಬತ್ತನೆಯ ಸಂಪುಟದ ಮೊದಲ ಭಾಗ 1939ರಲ್ಲಿ ಬಂತು; ಅದರ ಜೋಡಣೆ ರಾಜವಂಶಗಳ ಕ್ರಮದ್ದು. ಗಡಿಯ ಈಚೆಯ ಕಲ್ಲು ತಾಲ್ಲೂಕಿನ ಕೆಳಗೆ, ಗಡಿಯ ಆಚೆಯ ಕಲ್ಲು ವಂಶದ ಕೆಳಗೆ. ಒಂದೇ ನಾಡಿನ ಎರಡು ಕಲ್ಲುಗಳು ಎರಡು ಭಾಷೆಯ ಬೀದಿಗಳಲ್ಲಿ ಮನೆ ಮಾಡಿದಂತೆ ಇದು. ಇವುಗಳನ್ನು ಮತ್ತೆ ಪಕ್ಕಪಕ್ಕಕ್ಕೆ ತರಬೇಕಾದರೆ ಓದುಗನ ಕೈಯೇ ಬೇಕು.

ಇಷ್ಟೇ ಆಗಿದ್ದರೆ ನಿಯಮದ ವಿಳಾಸವಾದರೂ ಸ್ಥಿರವೆನ್ನಬಹುದಿತ್ತು. ಆದರೆ ತಾಲ್ಲೂಕೂ ಮನುಷ್ಯರು ಎಳೆದ ಗೆರೆ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಹುಟ್ಟಿತು. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರೇ ಆದ ಜೆ. ಎಚ್. ಪಟೇಲರು ಆಗ ಮುಖ್ಯಮಂತ್ರಿಗಳು. ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿಗಳೂ, ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರುಗಳೂ, ಬಳ್ಳಾರಿಯಿಂದ ಹರಪನಹಳ್ಳಿಯೂ ಬಂದು ಕೂಡಿದವು. ಹರಪನಹಳ್ಳಿ 2018ರಲ್ಲಿ ಮರಳಿ ಬಳ್ಳಾರಿಗೆ ಹೋಗಿ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಉಚ್ಚಂಗಿಯ ಕೋಟೆ ಇದ್ದಲ್ಲೇ ಇದೆ. ಅದರ ಜಿಲ್ಲೆ ಕಾಲು ಶತಮಾನದೊಳಗೆ ಮೂರು ಸಲ ಬದಲಾಯಿತು.

ಹೊನ್ನಾಳಿಯಿಂದ ಬೇರ್ಪಟ್ಟ ನ್ಯಾಮತಿ ತಾಲ್ಲೂಕು 2018ರಿಂದ ತನ್ನ ಲೆಕ್ಕ ತಾನು ನೋಡಿಕೊಳ್ಳುತ್ತಿದೆ. ಅದರೊಳಗೆ ಬೆಳಗುತ್ತಿ ಇದೆ. ನಾಗವಂಶದವರೆಂದು ಹೇಳಿಕೊಂಡ ಸಿಂದರ ಒಂದು ಶಾಖೆ ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ ಅಲ್ಲಿಂದ ಆಳಿತು. ಅವರ ಶಾಸನಗಳು ಪುಸ್ತಕದಲ್ಲಿ ಹೊನ್ನಾಳಿಯ ಸಂಖ್ಯೆಗಳನ್ನು ಹೊತ್ತಿವೆ. ನೆಲದಲ್ಲಿ ನ್ಯಾಮತಿಗೆ ಸೇರಿವೆ. ಹಾಗೆಂದು ಸಂಖ್ಯೆಗಳನ್ನು ಬದಲಿಸಬೇಕೆ? ಬದಲಿಸಿದರೆ 1902ರಿಂದ ಈಚೆಗೆ ಬರೆದ ಗ್ರಂಥಗಳ ಅಡಿಟಿಪ್ಪಣಿಗಳೆಲ್ಲ ದಾರಿ ತಪ್ಪುತ್ತವೆ. ನಿಯಮದಿಂದ ಬಿದ್ದ ಜಾಗವೂ ನೂರು ವರ್ಷ ಬಳಕೆಯಾದಮೇಲೆ ಇಟ್ಟ ಜಾಗವಾಗುತ್ತದೆ. ಅದರ ಸುತ್ತ ಜನರ ನೆನಪು ಬೇರು ಬಿಡುತ್ತದೆ.

ಈ ಅನುಭವವನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ಈ ನಾಲ್ಕು ತಾಲ್ಲೂಕುಗಳ ಮನೋನಕ್ಷೆಯೊಂದನ್ನು ಗಣಕದಲ್ಲಿ ಬರೆಯತೊಡಗಿದೆ. ನ್ಯಾಮತಿಯನ್ನು ಹೊನ್ನಾಳಿಯ ಮಗ್ಗುಲಲ್ಲೇ ಇಟ್ಟೆ. ತಾಯಿಯ ಪಕ್ಕದಲ್ಲಿ ಮಗಳು. ಚನ್ನಗಿರಿಯ ಕೊಂಬೆಯಲ್ಲಿ ಸೂಳೆಕೆರೆಯನ್ನು, ಅಂದರೆ ಶಾಂತಿಸಾಗರವನ್ನು, ಹರಿಹರದ ಕಡೆಗೆ ಚಾಚಿದಂತೆ ಇಟ್ಟೆ. ಏಕೆಂದರೆ ಅಲ್ಲಿಂದ ಹೊರಟ ಹರಿದ್ರಾ ಹೊಳೆ ತುಂಗಭದ್ರೆಯನ್ನು ಸೇರುವುದು ಹರಿಹರದಲ್ಲಿ. ಜಗಳೂರನ್ನು ಬಲಗಡೆ ದೂರದಲ್ಲಿ, ಮಳೆ ಕಡಮೆಯಾಗುವ ದಿಕ್ಕಿನಲ್ಲಿ ಇಟ್ಟೆ. ಅನಂತರ ಬೆಳಗುತ್ತಿಯ ಕೆಳಗೆ ಹತ್ತು ಶಾಸನಗಳನ್ನು ಸೇರಿಸಿದೆನೋ ಇಲ್ಲವೋ, ತಂತ್ರಾಂಶ ಅವುಗಳಿಗೆ ಎಡೆ ಮಾಡಿಕೊಡಲು ಉಳಿದುದನ್ನೆಲ್ಲ ಸರಿಸಿತು. ಜಗಳೂರು ಎಲ್ಲೋ ಕೆಳಗೆ ಹೋಯಿತು. ಸಂಬಂಧಗಳು ಒಂದೂ ಕೆಡಲಿಲ್ಲ; ಯಾರು ಯಾರ ಮರಿಯೆಂಬುದು ಹಾಗೆಯೇ ಇತ್ತು. ಆದರೂ ನನ್ನ ಕಣ್ಣಿಗೆ ಅದು ಬೇರೆ ಊರು.

ಯಂತ್ರ ಏಕೆ ಹೀಗೆ ಮಾಡುತ್ತದೆ ಎಂಬುದಕ್ಕೂ ಒಂದು ಚರಿತ್ರೆಯಿದೆ. ಡೊನಾಲ್ಡ್ ನೂತ್ 1963ರಲ್ಲಿಯೇ ಗಣಕದಿಂದ ನಕ್ಷೆ ಬರೆಯಿಸುವ ಬಗ್ಗೆ ಬರೆದರು. 1981ರಲ್ಲಿ ರೈನ್‌ಗೋಲ್ಡ್ ಮತ್ತು ಟಿಲ್ಫರ್ಡ್ ಎಂಬಿಬ್ಬರು ಕವಲೊಡೆಯುವ ಚಿತ್ರಗಳನ್ನು ಅಚ್ಚುಕಟ್ಟಾಗಿ ಬರೆಯುವ ಕ್ರಮವೊಂದನ್ನು ಪ್ರಕಟಿಸಿದರು. ಒಂದೇ ಪೀಳಿಗೆಯ ಗೆಣ್ಣುಗಳು ಒಂದೇ ಸಾಲಿನಲ್ಲಿರಬೇಕು. ತಾಯಿ ಗೆಣ್ಣು ಮಕ್ಕಳ ನಡುಮಧ್ಯಕ್ಕೆ ಇರಬೇಕು. ಒಂದೇ ಆಕಾರದ ಕೊಂಬೆ ಮರದಲ್ಲಿ ಎಲ್ಲಿದ್ದರೂ ಒಂದೇ ರೀತಿ ಕಾಣಬೇಕು. ಆಸ್ಟ್ರೇಲಿಯದ ಪೀಟರ್ ಈಡ್ಸ್ 1984ರಲ್ಲಿ ಬೇರೊಂದು ಉಪಾಯ ಹೇಳಿದರು: ಗೆಣ್ಣುಗಳನ್ನು ಉಕ್ಕಿನ ಬಳೆಗಳೆಂದೂ, ನಡುವಣ ಗೆರೆಗಳನ್ನು ಸ್ಪ್ರಿಂಗುಗಳೆಂದೂ ಭಾವಿಸಿ ಕೈಬಿಟ್ಟರೆ, ಎಳೆದಾಟ ತಳ್ಳಾಟಗಳೆಲ್ಲ ಮುಗಿದು ಅವು ತಾವಾಗಿಯೇ ಒಂದು ನೆಲೆಗೆ ಬಂದು ನಿಲ್ಲುತ್ತವೆ. ಎರಡೂ ಜಾಣತನದ ಕ್ರಮಗಳೇ. ಆದರೆ ಯಾವ ಕ್ರಮಕ್ಕೂ ಹೊನ್ನಾಳಿ ಎಂದರೇನು, ಹೊಳೆ ಎಂದರೇನು ಎಂಬುದು ತಿಳಿಯದು. ತಿಳಿಯಬೇಕಾಗಿಯೂ ಇಲ್ಲ.

ಫ್ರೀಮೈಂಡ್ ಎಂಬ ಉಚಿತ ತಂತ್ರಾಂಶದ ಕಡತವನ್ನು ತೆರೆದು ನೋಡಿದರೆ ಇದು ಮನದಟ್ಟಾಗುತ್ತದೆ. ಅದರಲ್ಲಿ ಗೆಣ್ಣು ಕಾಗದದ ಅಂಚಿನಿಂದ ಎಷ್ಟು ದೂರದಲ್ಲಿದೆ ಎಂಬ ಲೆಕ್ಕವೇ ಇರುವುದಿಲ್ಲ. ಯಾರೊಳಗೆ ಯಾರು, ಯಾರ ನಂತರ ಯಾರು, ಎಡಗಡೆಯೋ ಬಲಗಡೆಯೋ, ಇಷ್ಟೇ. ಚಿತ್ರ ತೆರೆದಾಗಲೆಲ್ಲ ಜಾಗಗಳನ್ನು ಹೊಸದಾಗಿ ಲೆಕ್ಕ ಹಾಕಲಾಗುತ್ತದೆ. ನಾವು ಕೈಯಿಂದ ಒಂದು ಗೆಣ್ಣನ್ನು ಸರಿಸಿದರೆ, ಅದು ಹುಟ್ಟಬೇಕಾಗಿದ್ದ ಜಾಗದಿಂದ ಎಷ್ಟು ಸರಿಯಿತೆಂಬ ಅಂತರವನ್ನು ಮಾತ್ರ ಬರೆದಿಡುತ್ತದೆ. ಅದರಿಂದ ಕವಲೊಡೆದು ಬಂದ ಫ್ರೀಪ್ಲೇನ್‌ನಲ್ಲಿ ಯಾವ ಸಾಲಿಗೂ ಸೇರದೆ ಇಟ್ಟಲ್ಲಿರುವ ಸ್ವತಂತ್ರ ಗೆಣ್ಣಿಗೂ ಅವಕಾಶ ಬಂತು. ಅಮೆರಿಕದ ಜೋಸೆಫ್ ನೊವಾಕ್ 1972ರಲ್ಲಿ ಆರಂಭಿಸಿದ ಪರಿಕಲ್ಪನಾ ನಕ್ಷೆಗಳ ಪಂಥ ಇನ್ನೊಂದು ತುದಿಯಲ್ಲಿದೆ. ಆ ಪಂಥದ ಸಿಮ್ಯಾಪ್‌ಟೂಲ್ಸ್ ತಂತ್ರಾಂಶದಲ್ಲಿ ಗೆಣ್ಣುಗಳನ್ನು ಕೂರಿಸುವ ಹೊಣೆ ಮುಖ್ಯವಾಗಿ ಬರೆಯುವವನದೇ.

ಕೊನೆಗೆ ತಂತ್ರಜ್ಞರೇ ಈ ನಷ್ಟಕ್ಕೆ ಹೆಸರಿಟ್ಟರು. ಜಪಾನಿನ ಮಿಸುಯೆ, ಸುಗಿಯಾಮ ಅವರೂ ಆಸ್ಟ್ರೇಲಿಯದ ಈಡ್ಸ್, ಲಾಯ್ ಅವರೂ ಸೇರಿ 1995ರಲ್ಲಿ ಪ್ರಕಟಿಸಿದ ಪ್ರಬಂಧದ ವಿಷಯ, ಚಿತ್ರವನ್ನು ಯಂತ್ರ ಮರುಜೋಡಿಸುವಾಗ ನೋಡುವವನ ಮನಸ್ಸಿನಲ್ಲಿರುವ ನಕ್ಷೆಯನ್ನು ಕೆಡಿಸದಿರುವುದು ಹೇಗೆ ಎಂಬುದು. ಎಡಗಡೆ ಇದ್ದದ್ದು ಎಡಗಡೆಯೇ ಇರಲಿ, ಮೇಲಿದ್ದದ್ದು ಮೇಲೆಯೇ ಇರಲಿ. ಹತ್ತಿರವಿದ್ದವು ಹತ್ತಿರವೇ ಉಳಿಯಲಿ. ಒಂದರ ಸುತ್ತ ಇದ್ದವು ಅದರ ಸುತ್ತಲೇ ಇರಲಿ. ತೆರೆಯ ಮೇಲಿನ ಚಿತ್ರ ಒಂದು, ಓದುಗನೊಳಗಿನ ಚಿತ್ರ ಇನ್ನೊಂದು. ಎರಡನೆಯದಕ್ಕೂ ಹಕ್ಕಿದೆ ಎಂದು ಯಂತ್ರಶಾಸ್ತ್ರ ಒಪ್ಪಿಕೊಂಡ ಹಾಗಾಯಿತು.

ಹಾಗಾದರೆ ಕೈಯೇ ಮೇಲೆಂದು ತೀರ್ಪು ಕೊಡೋಣವೆ? ಅವಸರ ಬೇಡ. ಕೈಯಿಂದ ಇಟ್ಟ ಜಾಗ ಯಾವಾಗಲೂ ಏನನ್ನೋ ಹೇಳುತ್ತದೆ. ಹೇಳುವ ಆಧಾರವಿಲ್ಲದಾಗಲೂ ಹೇಳುತ್ತದೆ. ಬೆಳಗುತ್ತಿಯ ಸಿಂದರನ್ನು ಯಲಬುರ್ಗೆಯ ಸಿಂದರ ಪಕ್ಕದಲ್ಲಿ ಇಟ್ಟರೆ, ನೋಡಿದವನು ಅವರನ್ನು ಅಣ್ಣತಮ್ಮಂದಿರೆಂದು ಓದುತ್ತಾನೆ. ಒಂದೇ ಕುಲನಾಮ, ಒಂದೇ ನಾಗವಂಶದ ಹೇಳಿಕೆ ಎಂಬುದು ನಿಜ. ಆದರೆ ಎಷ್ಟು ಹತ್ತಿರದ ರಕ್ತಸಂಬಂಧವೆಂಬುದನ್ನು ಶಾಸನ ಹೇಳಬೇಕೇ ಹೊರತು ಚಿತ್ರ ಹೇಳಬಾರದು. ಗೆರೆ ಎಳೆದರೆ ಅದು ವಾದವೆಂದು ಗೊತ್ತಾಗುತ್ತದೆ, ಪ್ರಶ್ನಿಸಬಹುದು. ಬರಿಯ ಸಾಮೀಪ್ಯ ಸದ್ದಿಲ್ಲದ ವಾದ.

ನಿಯಮವಾದರೂ ನಿರ್ದೋಷಿಯೆ? ಅದೂ ಅಲ್ಲ. ಮರಿಗಳು ಹೆಚ್ಚಿದ್ದ ಕೊಂಬೆಗೆ ಯಂತ್ರ ಹೆಚ್ಚು ಜಾಗ ಕೊಡುತ್ತದೆ. ರೈಸರ ಸಂಪುಟಗಳಲ್ಲಿ ಶಿಕಾರಿಪುರದ ಕಲ್ಲುಗಳು ನೂರಾರು. ಜಗಳೂರಿನವು ಕೆಲವು ಹತ್ತುಗಳು. ಹಾಗೆಯೇ ಬಿಟ್ಟರೆ ಜಗಳೂರು ಮೂಲೆಯ ಒಂದು ಚಿಕ್ಕ ರೆಂಬೆಯಾಗುತ್ತದೆ. ಆದರೆ ಕಲ್ಲು ಬರೆಸದವರು ಬಾಳಲಿಲ್ಲವೆ? ಹೊನ್ನಾಳಿಯಲ್ಲಿದ್ದು ಈಗ ನ್ಯಾಮತಿಗೆ ಸೇರಿದ ಸೂರಗೊಂಡನಕೊಪ್ಪ ಬಂಜಾರರಿಗೆ ಸಂತ ಸೇವಾಲಾಲರ ಪುಣ್ಯಸ್ಥಳ. ನಾಡಿನ ಹೊರಗಿನಿಂದಲೂ ಜನ ಅಲ್ಲಿಗೆ ಬರುತ್ತಾರೆ. ಆ ಸಮುದಾಯದ ನೆನಪು ಹಾಡಿನಲ್ಲಿದೆ, ಕಲ್ಲಿನಲ್ಲಿಲ್ಲ. ಶಾಸನಗಳನ್ನು ಎಣಿಸಿ ಜಾಗ ಹಂಚುವ ನಿಯಮಕ್ಕೆ ಅದು ಕಾಣುವುದೇ ಇಲ್ಲ. ಏನನ್ನು ಎಣಿಸಬೇಕೆಂದು ಮೊದಲು ಗೊತ್ತುಮಾಡಿದ್ದು ಯಾರೋ ಒಬ್ಬರ ಕೈಯೇ. ನಿಯಮದ ಹಿಂದೆ ಅಡಗಿರುವುದರಿಂದ ಆ ಕೈ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ.

ಆದ್ದರಿಂದ ನನಗೆ ಹಿತವೆಂದು ತೋರುವುದು ರೈಸರು ನಡೆದ ದಾರಿ. ಆಧಾರಗಳನ್ನು ನಿಯಮಕ್ಕೆ ಬಿಡಬೇಕು. ಆ ನಿಯಮ ಎಲ್ಲರಿಗೂ ತಿಳಿದಿರಬೇಕು. ಒಮ್ಮೆ ಕೊಟ್ಟ ವಿಳಾಸವನ್ನು ಕಾರಣವಿಲ್ಲದೆ ಕದಲಿಸಬಾರದು. ಅರ್ಥವನ್ನು ಕೈಗೆ ಬಿಡಬೇಕು. ಆ ಕೈ ಯಾರದೆಂಬುದು ಪೀಠಿಕೆಯಲ್ಲಿರುವಂತೆ ಸಹಿಯೊಡನೆ ಇರಬೇಕು. ನನ್ನ ಗಣಕದಲ್ಲಿ ಈಗ ಎರಡು ನಕ್ಷೆಗಳಿವೆ. ಒಂದರಲ್ಲಿ ಶಾಸನಗಳು ಸಂಖ್ಯೆಯ ಕ್ರಮದಲ್ಲಿ ಯಂತ್ರ ಇಟ್ಟಲ್ಲಿ ಕುಳಿತಿವೆ. ಅದನ್ನು ನಾನು ಮುಟ್ಟುವುದಿಲ್ಲ. ಇನ್ನೊಂದರಲ್ಲಿ ನಾನು ಆರಿಸಿದ ಕೆಲವೇ ಗೆಣ್ಣುಗಳು ನಾನು ಇಟ್ಟಲ್ಲಿವೆ. ಅದನ್ನು ಯಂತ್ರ ಮುಟ್ಟುವುದಿಲ್ಲ. ಮೊದಲನೆಯದನ್ನು ಯಾರು ಬೇಕಾದರೂ ಮತ್ತೆ ಕಟ್ಟಬಹುದು. ಎರಡನೆಯದನ್ನು ಯಾರು ಬೇಕಾದರೂ ಅಲ್ಲಗಳೆಯಬಹುದು.

ಊರುಗಳ ಮಾತಿನಲ್ಲೂ ಇದೇ ವಿವೇಕ ಸಲ್ಲುತ್ತದೆ. ಆಡಳಿತದ ಅನುಕೂಲಕ್ಕಾಗಿ ತಾಲ್ಲೂಕುಗಳು ಹುಟ್ಟುತ್ತವೆ, ಜಿಲ್ಲೆಗಳು ಬದಲಾಗುತ್ತವೆ. ಅದು ಆಗಬೇಕಾದ ಕೆಲಸವೇ. ಆದರೆ ಶಿವಮೊಗ್ಗದ ನೆರಳಿನಲ್ಲಿ ಬೆಳೆದ ಹೊನ್ನಾಳಿಯ ಹಿರಿಯರಿಗೂ, ಚಿತ್ರದುರ್ಗದ ಕಡೆ ಮುಖಮಾಡಿ ಬಾಳಿದ ಜಗಳೂರಿನ ಹಿರಿಯರಿಗೂ ಮನಸ್ಸಿನೊಳಗೆ ತಮ್ಮದೊಂದು ನಕ್ಷೆಯಿದೆ. ಅದರಲ್ಲಿ ಸಂತೆಯ ದಾರಿಗಳಿವೆ, ಹೆಣ್ಣು ಕೊಟ್ಟು ತಂದ ಊರುಗಳಿವೆ, ಹೊಳೆ ದಾಟಿದ ಕಡವುಗಳಿವೆ. ಹೊಸ ಗೆರೆ ಎಳೆಯುವವರು ಆ ನಕ್ಷೆಯನ್ನೂ ಒಮ್ಮೆ ಬಿಡಿಸಿ ನೋಡುವುದು ಒಳ್ಳೆಯದು.